ಪೂಜೆಯ ಗುಳಿಗೆ, ಊಟದ ಗುಳಿಗೆ

ಬ್ಯಾಂಕಾಕ್

ವಿದೇಶದ ನೆಲದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ, ಸುಂಕದ ಅಧಿಕಾರಿಯ ಎದುರು ನಿಂತು ಹಣೆಗೆ ವಿಭೂತಿ ಹಚ್ಚಿಕೊಂಡು ತೋರಿಸಿದ್ದು.

ನನ್ನ ಚೀಲದಲ್ಲಿ ಕಡಕ್ ಜೋಳದ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ ಡಬ್ಬಿ ಮತ್ತು ದೊಡ್ಡವ್ವ ಕೊಟ್ಟ ವಿಭೂತಿ ಗಟ್ಟಿ ಇದ್ದವು. ಅಧಿಕಾರಿ ರೊಟ್ಟಿಯನ್ನು ಬೆರಳಿನಿಂದ ಬಾರಿಸಿ ನೋಡಿದರು. ಹಿಂಡಿಯನ್ನು ಮೂಸಿ ಸೀನಿದರು. ವಿಭೂತಿ ಕೈಗೆ ಬಂದಾಗ ಮಾತ್ರ ಅವರ ಮುಖ ಬಿಗಿಯಾಯಿತು. ವಸ್ತು ಬಿಳಿಯ ಪುಡಿಯ ಗಟ್ಟಿ. ತಂದವಳು ಔಷಧ ವೃತ್ತಿಯವಳೆಂದು ಅವಳ ಕಾಗದಗಳೇ ಹೇಳುತ್ತಿವೆ. ಪ್ರಯಾಣಕ್ಕೆ ಬೇಕಾಗಬಹುದಾದ ಇಂಗ್ಲಿಷ್ ವಾಕ್ಯಗಳನ್ನೆಲ್ಲ ನಾನು ವಹಿಯಲ್ಲಿ ಬರೆದು ಬಾಯಿಪಾಠ ಮಾಡಿದ್ದೆ. ವಿಭೂತಿಗೆ ಮಾತ್ರ ಒಂದು ವಾಕ್ಯವನ್ನೂ ಸಿದ್ಧಪಡಿಸಿರಲಿಲ್ಲ. ಬೇರೆ ದಾರಿ ಕಾಣದೆ ಗಟ್ಟಿಯನ್ನು ತಿಕ್ಕಿ ಹಣೆಗೆ ಮೂರು ಬೆರಳು ಎಳೆದೆ. ಅವರು ಸ್ವಲ್ಪ ಹೊತ್ತು ನೋಡಿದರು. ಅನಂತರ ಎರಡೂ ಕೈ ಜೋಡಿಸಿ, ಗಟ್ಟಿಯನ್ನು ಮೊದಲಿದ್ದ ಹಾಗೆಯೇ ಬಟ್ಟೆಯಲ್ಲಿ ಸುತ್ತಿ ಹಿಂದಿರುಗಿಸಿದರು.

ನಾನು ಅಫಜಲಪುರದ ಒಂದು ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್. ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ಅಪ್ಪ ಜೇವರ್ಗಿಯ ಅಡತಿ ಅಂಗಡಿಯಲ್ಲಿ ಕಾಳಿನ ಮೂಟೆ ಹೊತ್ತು ಹಮಾಲಿ ಮಾಡಿದವರು. ಅವ್ವ ಬೇಗ ತೀರಿಕೊಂಡದ್ದರಿಂದ ನಾನು ಬೆಳೆದದ್ದು ಅವಳ ಅಕ್ಕನ ಮನೆಯಲ್ಲಿ, ಆಳಂದ ತಾಲ್ಲೂಕಿನ ಜಿಡಗಾ ಕಡೆಯ ಒಂದು ಹಳ್ಳಿಯಲ್ಲಿ. ಆ ಅಕ್ಕನೇ ನನ್ನ ದೊಡ್ಡವ್ವ. ಸಣ್ಣ ಊರುಗಳ ಫಾರ್ಮಸಿಸ್ಟರಿಗೆ ಹೊರದೇಶದ ಕೆಲಸದ ರೀತಿಯನ್ನು ತೋರಿಸಬೇಕೆಂದು ಒಂದು ಸ್ವಯಂಸೇವಾ ಸಂಸ್ಥೆ ಕೆಲವರನ್ನು ಆರಿಸಿತು. ಅರ್ಜಿಯನ್ನು ಅಂದವಾಗಿ ಬರೆದದ್ದಕ್ಕೋ ಏನೋ, ನನ್ನ ಹೆಸರೂ ಬಂದಿತು. ಥಾಯ್ಲೆಂಡಿನ ಈಶಾನ್ಯದ ಒಂದು ಸಣ್ಣ ಊರಿನ ಸರಕಾರಿ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು, ಅಲ್ಲಿನವರ ಜೊತೆ ಕೆಲಸ ಮಾಡಬೇಕಾಗಿತ್ತು.

ಹೊರಡುವ ಮುನ್ನ ದೊಡ್ಡವ್ವನನ್ನು ಕಾಣಲು ಹೋಗಿದ್ದೆ. ಅವಳು ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟದ ಎಲುಬು ಮುರಿದಿತ್ತು. ಕಲಬುರಗಿಯಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಹಿಂಡುವ ಎರಡು ಎಮ್ಮೆಗಳು ಅದರ ಖರ್ಚಿಗೆ ಮಾರಿಹೋದವು. ಎಲುಬು ಮಾತ್ರ ಸರಿಯಾಗಿ ಕೂಡಿರಲಿಲ್ಲ.

“ಎಷ್ಟು ದಿನಬೇ?” ಎಂದು ಕೇಳಿದಳು.

“ಹನ್ನೆರಡು ದಿನ, ದೊಡ್ಡವ್ವ.”

“ಅವ್ರಿಗಿ ಏನ ಕಲಸ್ತಿ ಅಲ್ಲಿ?”

“ಕಲಸಾಕ ಅಲ್ಲ, ಕಲೀಲಾಕ ಹೊಂಟೇನಿ.”

“ಗುಳಿಗಿ ಕೊಡೋದು ಕಲೀಲಾಕ ಇಮಾನದಾಗ ಹೋಗಬೇಕೇನು? ನೀ ಕಳಿಸಿದ್ದೇ ತಿಂದು ನಾ ಇನ್ನಾ ಜೀವಂತ ಅದೇನಲ್ಲ.”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗೆಯನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುವುದು ಸಾಧ್ಯವಿದ್ದರೆ ತೆಗೆದುಕೊಳ್ಳುತ್ತಿದ್ದೆ.

ಕಬ್ಬಿನ ದಾರಿ

ಬ್ಯಾಂಕಾಕಿನಿಂದ ಈಶಾನ್ಯಕ್ಕೆ ಬಸ್ಸಿನಲ್ಲಿ ಹೋದೆ. ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟಕ್ಕೆ ಧ್ವನಿವರ್ಧಕದಿಂದ ಹಾಡೊಂದು ಕೇಳಿಸಿತು. ನಡೆಯುತ್ತಿದ್ದವರೆಲ್ಲ ನಿಂತಲ್ಲೇ ನಿಂತರು. ಹಣ್ಣು ಹೆಚ್ಚುತ್ತಿದ್ದ ಹೆಂಗಸಿನ ಚಾಕುವೂ ನಿಂತಿತು. ಅಷ್ಟು ದೊಡ್ಡ ನಿಲ್ದಾಣದಲ್ಲಿ ಗಾಲಿ ಚೀಲವನ್ನು ಗಡಗಡ ಎಳೆಯುತ್ತ ನಡೆಯುತ್ತಿದ್ದವಳು ನಾನೊಬ್ಬಳೇ. ಅದು ಅವರ ರಾಷ್ಟ್ರಗೀತೆ ಎಂದು ತಿಳಿದಾಗ ಹಾಡು ಮುಗಿದಿತ್ತು. ಯಾರೂ ನನ್ನನ್ನು ಗದರಲಿಲ್ಲ. ಗದರಿದ್ದರೆ ಸಮಾಧಾನವಾಗುತ್ತಿತ್ತು, ನಮ್ಮಲ್ಲಿ ತಪ್ಪು ಮಾಡಿದರೆ ಬೈಸಿಕೊಂಡು ಮುಗಿಸುವ ಪದ್ಧತಿ ಇದೆ.

ಊರು ಸಮೀಪಿಸಿದಂತೆ ದಾರಿಯ ಎರಡೂ ಕಡೆ ಕಬ್ಬು. ಮೈತುಂಬ ಹೇರಿಕೊಂಡು ವಾಲುತ್ತ ಹೋಗುವ ಲಾರಿಗಳು, ಅವುಗಳಿಂದ ಜಾರಿ ಡಾಂಬರಿನ ಮೇಲೆ ಬಿದ್ದ ಕಬ್ಬಿನ ತುಂಡುಗಳು, ದೂರದಿಂದಲೇ ಬರುವ ಕಾರ್ಖಾನೆಯ ಹುಳಿ ವಾಸನೆ. ಹಂಗಾಮಿನಲ್ಲಿ ನಮ್ಮ ಹವಳಗಾ ಸಕ್ಕರೆ ಕಾರ್ಖಾನೆಯ ದಾರಿ ಹೇಗಿರುತ್ತದೆಯೋ ಹಾಗೆಯೇ. ಪಾಸ್‌ಪೋರ್ಟಿನ ಮೇಲೆ ಮುದ್ರೆ ಒತ್ತಿಸಿಕೊಂಡು ಇಷ್ಟು ದೂರ ಬಂದದ್ದು ಮತ್ತೆ ಅಫಜಲಪುರಕ್ಕೇ ಏನು ಎಂದುಕೊಂಡೆ.

ನಿಲ್ದಾಣಕ್ಕೆ ಬಂದವರು ಆಸ್ಪತ್ರೆಯ ಫಾರ್ಮಸಿಸ್ಟ್, ನೋಯ್ ಎಂಬವರು. ವಯಸ್ಸು ನಲವತ್ತರ ಮೇಲೆ. ನಾನು ಅವರನ್ನು ‘ಮೇಡಂ’ ಎಂದು ಕರೆದಾಗ ಕೈ ಅಲ್ಲಾಡಿಸಿ, “ಪೀ ನೋಯ್ ಎನ್ನಿ” ಎಂದರು. ಪೀ ಎಂದರೆ ತಮಗಿಂತ ಹಿರಿಯರು, ನಮ್ಮ ಅಕ್ಕ ಇದ್ದ ಹಾಗೆ. ಅಲ್ಲಿ ಬರಿಯ ಹೆಸರು ಹಿಡಿದು ಯಾರೂ ಯಾರನ್ನೂ ಕರೆಯುವುದಿಲ್ಲ. ಆಸ್ಪತ್ರೆಗೆ ಬರುವ ಮುದುಕಿಯರೆಲ್ಲ ಯಾಯ್, ಅಂದರೆ ತಾಯಿಯ ತಾಯಿ. ಇದೊಂದನ್ನು ನಾನು ತಪ್ಪಿಲ್ಲದೆ ಕಲಿತೆ.

ಊಟದ ವಿಷಯದಲ್ಲಿ ನಾನು ಅವರಿಗೆ ಬಹಳ ತೊಂದರೆ ಕೊಟ್ಟೆ. ಮಾಂಸ ತಿನ್ನುವುದಿಲ್ಲವೆಂದರೆ ಮೀನು ತಂದರು. ಮೀನೂ ಬೇಡವೆಂದಾಗ ಸೊಪ್ಪಿನ ಪಲ್ಯ ತಂದರು. ಅದರಲ್ಲಿ ಮೀನಿನ ರಸವಿತ್ತು. ಕೊನೆಗೆ ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಬಂದ ಅಂಟು ಅನ್ನವನ್ನು ಅವರಂತೆಯೇ ಕೈಯಲ್ಲಿ ಉಂಡೆ ಮಾಡಿ ಶೇಂಗಾ ಹಿಂಡಿಗೆ ಒತ್ತಿಕೊಂಡು ತಿಂದೆ. ಪೀ ನೋಯ್‌ಗೆ ರೊಟ್ಟಿ ಕೊಟ್ಟೆ. ಅವರು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, “ಇದು ಊಟವೋ, ಊಟ ಬಡಿಸುವ ತಟ್ಟೆಯೋ?” ಎಂದು ಕೇಳಿದರು. ಮುರಿದು ತಿಂದ ಮೇಲೆ ಇನ್ನೊಂದು ತಟ್ಟೆ ಬೇಕೆಂದರು.

ಆಸ್ಪತ್ರೆಯ ಕಿಟಕಿ

ಆ ಆಸ್ಪತ್ರೆಯ ಔಷಧದ ಕಿಟಕಿಗೆ ಬರುವವರ ಕೈಯಲ್ಲೆಲ್ಲ ಒಂದು ಬಟ್ಟೆಯ ಚೀಲ. ಮೊದಲ ದಿನ ಅದು ಸಂತೆಗೆ ಹೋಗುವ ಚೀಲವೆಂದು ಭಾವಿಸಿದ್ದೆ. ಮನೆಯಲ್ಲಿ ಉಳಿದ ಗುಳಿಗೆಗಳನ್ನೆಲ್ಲ ಅದರಲ್ಲಿ ಹಾಕಿಕೊಂಡು ಬರಬೇಕು. ಪೀ ನೋಯ್ ಅವನ್ನು ಮೇಜಿನ ಮೇಲೆ ಸುರಿದು, ಉಳಿದದ್ದು ಎಷ್ಟು, ಏಕೆ ಉಳಿಯಿತು ಎಂದು ಕೇಳಿ, ಆ ತಿಂಗಳು ಅಷ್ಟು ಕಡಿಮೆ ಕೊಡುತ್ತಿದ್ದರು. ಒಬ್ಬ ಮುದುಕರ ಚೀಲದಲ್ಲಿ ಬಿ.ಪಿ. ಗುಳಿಗೆಗಳು ಹಾಗೆಯೇ ಇದ್ದವು. ತಿಂದರೆ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತದೆ, ಅದಕ್ಕೇ ತಿಂದಿಲ್ಲ ಎಂದರಂತೆ. ಪೀ ನೋಯ್ ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿದರು. ರಾತ್ರಿಯ ಗುಳಿಗೆ ಬೆಳಿಗ್ಗೆಗೆ ಬದಲಾಯಿತು. ಎರಡು ನಿಮಿಷದ ಮಾತು. ಆ ಕಡೆಯಿಂದ ವೈದ್ಯರು ನಕ್ಕದ್ದೂ ಕೇಳಿಸಿತು.

“ಅವರು ಸಿಟ್ಟಾಗುವುದಿಲ್ಲವೇ?” ಎಂದು ಕೇಳಿದೆ.

“ಯಾಕೆ ಸಿಟ್ಟಾಗಬೇಕು? ಗುಳಿಗೆ ತಿನ್ನದೆ ಆ ಅಜ್ಜ ಪಾರ್ಶ್ವವಾಯು ಹೊಡೆದು ಬಂದರೆ ಅವರಿಗೇ ಅಲ್ಲವೇ ಕೆಲಸ?”

ಆಮೇಲೆ ಅವರು ಆ ದೇಶದ ಲೆಕ್ಕಾಚಾರವನ್ನು ನನಗೆ ತಿಳಿಸಿದರು. ತಾಲ್ಲೂಕಿನಲ್ಲಿ ಎಷ್ಟು ಜನರಿದ್ದಾರೆಯೋ ಅದಕ್ಕೆ ತಕ್ಕಂತೆ ಆಸ್ಪತ್ರೆಗೆ ಸರಕಾರದ ಹಣ ಬರುತ್ತದೆ. ರೋಗಿಗಳು ಹೆಚ್ಚಿದರೆ ಹಣವೂ ಅಷ್ಟಕ್ಕಷ್ಟೇ ಹೆಚ್ಚುವುದಿಲ್ಲ. ಆದ್ದರಿಂದ ಒಬ್ಬರ ಕಪಾಟಿನಲ್ಲಿ ವ್ಯರ್ಥವಾಗುವ ಗುಳಿಗೆ ಇನ್ನೊಬ್ಬರ ಬಾಯಿಗೆ ಹೋಗಬೇಕಾದದ್ದು. ಊರಿನಲ್ಲಿ ಎಷ್ಟು ಜನ ಆಸ್ಪತ್ರೆಗೆ ಬಾರದೆ ಮನೆಯಲ್ಲೇ ಆರೋಗ್ಯವಾಗಿರುತ್ತಾರೋ ಅಷ್ಟು ಅವರ ಕೆಲಸ ಚೆನ್ನಾಗಿ ನಡೆದಂತೆ. ನಮ್ಮ ಅಂಗಡಿಯ ಲೆಕ್ಕ ಇದಕ್ಕೆ ತೀರ ವಿರುದ್ಧವಾದದ್ದು. ಅದನ್ನು ಅವರಿಗೆ ಹೇಳಲು ನಾಚಿಕೆಯಾಯಿತು.

ಆ ಕಿಟಕಿಯಲ್ಲಿ ಕತ್ತರಿ ಇರಲಿಲ್ಲ. ನಮ್ಮಲ್ಲಿ ಕತ್ತರಿಯಿಲ್ಲದೆ ಅಂಗಡಿ ತೆರೆಯುವುದಿಲ್ಲ. ಗಿರಾಕಿಗೆ ನಾಲ್ಕು ಗುಳಿಗೆ ಬೇಕಾದರೆ ಸ್ಟ್ರಿಪ್‌ನಿಂದ ನಾಲ್ಕನ್ನು ಕತ್ತರಿಸಿ ಕೊಡುತ್ತೇವೆ. ಇದನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದೆ. ಬಡವರಿಗೆ ಬೇಡದ ಖರ್ಚು ತಪ್ಪುತ್ತದೆ ಎಂದೆ. ಪೀ ನೋಯ್ ಗಮನವಿಟ್ಟು ಕೇಳಿ, “ಔಷಧದ ಹೆಸರು ಯಾವ ತುಂಡಿನ ಜೊತೆ ಹೋಗುತ್ತದೆ?” ಎಂದರು.

ಯಾವ ತುಂಡಿಗೆ ಬಂತೋ ಅದರ ಜೊತೆ, ಎಂದೆ. ಉಳಿದ ತುಂಡುಗಳ ಬೆನ್ನಿಗೆ ಬರೀ ಬೆಳ್ಳಿ ಕಾಗದ.

ಯಾಯ್ ಬುನ್ ಅವರ ಮನೆ

ಐದನೆಯ ದಿನ ಪೀ ನೋಯ್ ನನ್ನನ್ನು ರೋಗಿಗಳ ಮನೆಗಳಿಗೆ ಕರೆದುಕೊಂಡು ಹೋದರು. ಫಾರ್ಮಸಿಸ್ಟ್ ಮನೆ ಬಾಗಿಲಿಗೆ ಹೋಗುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಯಾಯ್ ಬುನ್ ಎಂಬ ವೃದ್ಧೆಯ ಮನೆ ಮರದ ಕಂಬಗಳ ಮೇಲೆ ನಿಂತದ್ದು. ನಮ್ಮಲ್ಲಿಯ ಹಾಗೆಯೇ ಚಪ್ಪಲಿ ಹೊರಗೆ ಬಿಟ್ಟು, ಚಾಪೆಯ ಮೇಲೆ ಕುಳಿತೆವು. ಮೊಣಕಾಲು ನೋಯುತ್ತಿದ್ದುದರಿಂದ ನಾನು ಕಾಲು ಚಾಚಿದೆ. ಯಾಯ್ ಬುನ್ ಮಾತಾಡುತ್ತಲೇ ಒಂದು ಟವೆಲ್ ತಂದು ನನ್ನ ಪಾದಗಳ ಮೇಲೆ ಹೊದಿಸಿದರು. ಚಳಿಯೆಂದು ಭಾವಿಸಿರಬೇಕು, ಎಷ್ಟು ಅಂತಃಕರಣ ಎಂದುಕೊಂಡೆ. ಪಾದಗಳನ್ನು ಎದುರಿಗಿದ್ದ ಬುದ್ಧನ ಮೂರ್ತಿಯ ಕಡೆಗೆ ತೋರಿಸಬಾರದು ಎಂಬುದನ್ನು ಪೀ ನೋಯ್ ಆಮೇಲೆ ಕಿವಿಯಲ್ಲಿ ಹೇಳಿದರು.

ಯಾಯ್ ಬುನ್ ಅವರಿಗೆ ಮೊಣಕಾಲು ನೋವು. ಆಸ್ಪತ್ರೆಯಿಂದ ಗುಳಿಗೆ ಹೋಗುತ್ತಿತ್ತು. ಈಚೆಗೆ ಕಾಲು ಬಾತುಕೊಂಡು, ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡಕ್ಕೆ ತೊಂದರೆಯಾಗುತ್ತಿರುವುದು ಕಂಡಿತ್ತು. ಯಾವ ಯಾವ ಗುಳಿಗೆ ತಿನ್ನುತ್ತೀರಿ ಎಂದು ಪೀ ನೋಯ್ ಕೇಳಲೇ ಇಲ್ಲ. ಅವರಿಬ್ಬರ ಮಾತನ್ನು ನನಗೆ ಆಗಾಗ ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದರು.

“ಯಾಯ್, ಬೆಳಿಗ್ಗೆ ಎದ್ದ ಕೂಡಲೆ ಏನು ಮಾಡುತ್ತೀರಿ, ನಡೆದು ತೋರಿಸಿ.”

ಯಾಯ್ ಬುನ್ ಎದ್ದರು. ಹಾಸಿಗೆ ಮಡಚುವ ಜಾಗ, ನೀರಿನ ಹೂಜಿ, ಅಡುಗೆಯ ಮೂಲೆ, ಎಲ್ಲವನ್ನೂ ತೋರಿಸುತ್ತ ನಡೆದರು. ನಾವು ಹಿಂದೆ ಹಿಂದೆ ಹೋದೆವು. ಕೊನೆಗೆ ಬುದ್ಧನ ಮೂರ್ತಿಯಿದ್ದ ಹಲಗೆಯ ಮುಂದೆ ನಿಂತು ಕೈ ಮುಗಿದರು. ಮುಗಿದು, ಹೂವಿನ ತಟ್ಟೆಯ ಪಕ್ಕದಿಂದ ಸಣ್ಣ ಪ್ಲಾಸ್ಟಿಕ್ ಪೊಟ್ಟಣ ತೆಗೆದರು. ಹೆಸರಿಲ್ಲದ ನಾಲ್ಕು ಬಣ್ಣದ ಗುಳಿಗೆಗಳು. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಅಂಥ ಪೊಟ್ಟಣಗಳು ಸಿಗುತ್ತವಂತೆ. ಆಸ್ಪತ್ರೆಯದೂ ಪೊಟ್ಟಣದ್ದೂ ಒಂದೇ ಜಾತಿಯ ನೋವಿನ ಔಷಧವಿರಬೇಕು, ಎರಡೂ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತಿವೆ ಎಂದು ಪೀ ನೋಯ್ ನನಗೆ ವಿವರಿಸಿದರು.

“ಇದನ್ನು ಯಾಕೆ ಹೇಳಲಿಲ್ಲ, ಯಾಯ್?”

“ನೀವು ಔಷಧ ಎಷ್ಟು ಎಂದು ಕೇಳಿದಿರಿ. ಇದು ದೇವರ ಮುಂದಿನದು.”

ಪೀ ನೋಯ್ ನಗುತ್ತ ಆ ಪೊಟ್ಟಣವನ್ನು ಎರಡೂ ಕೈಯಿಂದ ಬೇಡಿಕೊಂಡರು. ನೋವಿಗೆ ಬೇರೆ ದಾರಿ ನೋಡುವುದಾಗಿ ಮಾತು ಕೊಟ್ಟರು. ಯಾಯ್ ಬುನ್ ಬುದ್ಧನಿಗೆ ಇನ್ನೊಮ್ಮೆ ಕೈ ಮುಗಿದು ಕೊಟ್ಟರು. ನಾವು ಹೊರಟಾಗ ಮೆಟ್ಟಿಲು ಇಳಿದು, ಅಂಗಳ ದಾಟಿ, ಗೇಟಿನ ತನಕ ಬಂದು ನಿಂತು ಕೈ ಬೀಸಿದರು.

ನಾನು ತಿರುಗಿ ಕೈ ಬೀಸಬೇಕಾಗಿತ್ತು. ಬೀಸಲಿಲ್ಲ. ದೊಡ್ಡವ್ವನ ವಿಭೂತಿ ಡಬ್ಬಿ ನನ್ನ ಕಣ್ಣ ಮುಂದೆ ಬಂದಿತ್ತು.

ಎರಡು ದಿನ

ಇನ್ನು ಮುಂದಿನದನ್ನು ಸರಿಯಾಗಿ ಬರೆಯಬೇಕು. ಇಷ್ಟರವರೆಗೆ ಬರೆದದ್ದೆಲ್ಲ ಇದಕ್ಕಾಗಿಯೇ.

ದೊಡ್ಡವ್ವನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಕಲಬುರಗಿಯ ವೈದ್ಯರು ಬರೆದ ಗುಳಿಗೆಯನ್ನು ಅವಳು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ತೆಗೆದುಕೊಳ್ಳುತ್ತಿದ್ದಳು. ಮರೆಯಬಾರದೆಂದು ಅದನ್ನು ವಿಭೂತಿ ಡಬ್ಬಿಯಲ್ಲೇ ಇಟ್ಟುಕೊಂಡಿದ್ದಳು. ವರ್ಷಗಳು ಕಳೆದಂತೆ ಅದು ಪೂಜೆಯ ಗುಳಿಗೆಯಾಯಿತು; ವಿಭೂತಿ, ಬಿಲ್ವಪತ್ರೆಗಳ ಸಾಲಿಗೆ ಸೇರಿತು. ಮನೆಯಲ್ಲಿ ಯಾರೂ ಅದನ್ನು ಔಷಧವೆಂದು ಎಣಿಸುತ್ತಿರಲಿಲ್ಲ. ಕಳೆದ ವರ್ಷ ಜ್ವರ ಬಂದು ಆಳಂದದಲ್ಲಿ ತೋರಿಸಿದಾಗ ಅಲ್ಲಿಯ ವೈದ್ಯರು, ಸಕ್ಕರೆಗೆ ಗುಳಿಗೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರಂತೆ. ಇಲ್ಲವೆಂದು ಹೇಳಿದಳಂತೆ. ಅವರು ತಮ್ಮ ಕರ್ತವ್ಯದಂತೆ ಒಂದು ಗುಳಿಗೆ ಬರೆದರು. ಅದು ಊಟದ ಗುಳಿಗೆಯಾಗಿ ಅಡುಗೆಮನೆಯ ಕಪಾಟು ಸೇರಿತು. ಎರಡೂ ಒಂದೇ ಔಷಧ. ಕಂಪನಿ ಬೇರೆ, ಹೆಸರು ಬೇರೆ, ಬಣ್ಣ ಬೇರೆ.

ಕಲಬುರಗಿಯ ವೈದ್ಯರಿಗೆ ಆಳಂದದ ಚೀಟಿ ಗೊತ್ತಿರಲಿಲ್ಲ. ಆಳಂದದವರಿಗೆ ಕಲಬುರಗಿಯದು ಗೊತ್ತಿರಲಿಲ್ಲ. ಎರಡನ್ನೂ ಕಂಡವಳು ನಾನೊಬ್ಬಳು.

ಮನೆಯಲ್ಲಿ ಔಷಧ ಹೆಚ್ಚಿಗೆ ಇಟ್ಟರೆ ಜಡ್ಡು ಅದನ್ನು ಹುಡುಕಿಕೊಂಡು ಬರುತ್ತದೆ ಎಂಬುದು ದೊಡ್ಡವ್ವನ ನಂಬಿಕೆ. ಆದ್ದರಿಂದ ನಾನು ವಾರಕ್ಕೆ ಏಳರಂತೆ ಕತ್ತರಿಸಿ, ಕಾಗದದಲ್ಲಿ ಸುತ್ತಿ, ಆಳಂದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೆ. ಈ ಸಲ ಮಾತ್ರ, ಹೊರಡುವ ಮುನ್ನ ಎರಡು ವಾರದ್ದನ್ನು ಒಟ್ಟಿಗೆ ಕೊಟ್ಟು ಬಂದಿದ್ದೆ. ಎರಡನೆಯ ಚೀಟಿಯ ಫೋಟೋ ಮೊಬೈಲಿಗೆ ಬಂದ ದಿನವೇ ಇವೆರಡೂ ಒಂದೇ ಎಂಬುದು ನನಗೆ ತಿಳಿದಿತ್ತು. ಕಾಲೇಜಿನಲ್ಲಿ ಕಲಿತದ್ದು ಅಷ್ಟು ಬೇಗ ಮರೆಯುವುದಿಲ್ಲ. ವೈದ್ಯರು ಪ್ರಮಾಣ ಹೆಚ್ಚಿಸಿರಬೇಕು ಎಂದುಕೊಂಡೆ. ಕೇಳಬಹುದಾಗಿತ್ತು. ಅದಕ್ಕೂ ಒಂದು ವರ್ಷ ಹಿಂದೆ, ಬೇರೊಬ್ಬ ರೋಗಿಯ ಚೀಟಿಯ ಬಗ್ಗೆ ಒಬ್ಬ ವೈದ್ಯರಿಗೆ ಫೋನ್ ಮಾಡಿ ಕೇಳಿ, ಚೆನ್ನಾಗಿ ಬೈಸಿಕೊಂಡಿದ್ದೆ. ಆ ದಿನ ನಮ್ಮ ಅಂಗಡಿಯ ಮಾಲೀಕರು ನನ್ನನ್ನು ಕರೆದು, “ಚೀಟಿ ಓದೋದು ನಿಮ್ಮ ಕೆಲಸರಿ ಬಾಯಾರ, ತಿದ್ದೋದಲ್ಲ” ಎಂದಿದ್ದರು. ಅವತ್ತಿನಿಂದ ನಾನು ಓದುವವಳಷ್ಟೇ ಆಗಿದ್ದೆ. ಅದನ್ನು ವೃತ್ತಿಯ ಶಿಸ್ತು ಎಂದು ಕರೆದುಕೊಂಡೆ.

ಯಾಯ್ ಬುನ್ ಅವರ ಮನೆಯಿಂದ ಬಂದ ಕೂಡಲೆ ಊರಿಗೆ ಫೋನ್ ಮಾಡಬೇಕಾಗಿತ್ತು. ನಾನು ಮಾಡಲಿಲ್ಲ. ಫೋನ್ ಮಾಡಿದರೆ ಒಂದು ಗುಳಿಗೆ ನಿಲ್ಲಿಸಿ ಎನ್ನಬೇಕು. ಏಕೆ ಎಂದು ಕೇಳುತ್ತಾರೆ. ಎಂದಿನಿಂದ ಗೊತ್ತು ಎಂದು ಕೇಳುತ್ತಾರೆ. ಆಗ ಬಚ್ಚಲ ಕಲ್ಲಿನ ಮಾತು ಬರುತ್ತದೆ. ಹೀಗೆ ಯೋಚಿಸುತ್ತ ಎರಡು ದಿನ ಕಳೆದೆ. ಒಂದು ದಿನ ರೇಷ್ಮೆ ನೇಯುವ ಹಳ್ಳಿ ತೋರಿಸಿದರು; ಬಹಳ ಸುಂದರವಾಗಿದೆ ಎಂದೆ. ಇನ್ನೊಂದು ದಿನ ಒಂದು ಮಠಕ್ಕೆ ಹೋದೆವು. ಭಿಕ್ಷುಗಳು ಸಾಲಾಗಿ ಭಿಕ್ಷೆ ಪಡೆಯುವುದನ್ನು ಕಂಡು, ನಮ್ಮಲ್ಲಿ ಜಂಗಮರು ಬರುತ್ತಾರೆ ಎಂದು ಹೇಳಿದೆ. ಏನು ನೋಡಿದೆನೆಂದು ಈಗ ಕೇಳಿದರೆ ಒಂದೂ ನೆನಪಿಲ್ಲ. ಅಲ್ಲಿ ಎರಡು ಬೆಳಗು ಕಳೆದವೆಂದರೆ ದೊಡ್ಡವ್ವನ ಹೊಟ್ಟೆಗೆ ಮತ್ತೆರಡು ಪೂಜೆಯ ಗುಳಿಗೆ ಹೋದವು ಎಂದು ಅರ್ಥ.

ಮೂರನೆಯ ದಿನ ಬೆಳಿಗ್ಗೆ ಪೀ ನೋಯ್ ನನ್ನ ಮುಂದೆ ಅನ್ನದ ಬುಟ್ಟಿ ಇಟ್ಟು, “ನಿನ್ನೆಯಿಂದ ನೀವು ಉಂಡಿಲ್ಲ. ಮೀನಿನ ರಸವಿಲ್ಲ, ನಾನೇ ನೋಡಿದ್ದೇನೆ” ಎಂದರು. ಆಗ ಎಲ್ಲವನ್ನೂ ಹೇಳಿದೆ. ಇಂಗ್ಲಿಷ್ ತಪ್ಪಾಗುತ್ತಿತ್ತು, ಮೊದಲ ಸಲ ತಿದ್ದಿಕೊಳ್ಳಲಿಲ್ಲ. ಅವರು ಪೂರ್ತಿ ಕೇಳಿದರು.

“ವೈದ್ಯರು ತಾವು ಬರೆದ ಚೀಟಿ ನೋಡುತ್ತಾರೆ. ಅಜ್ಜಿ ತನ್ನ ಕೈಯಲ್ಲಿರುವ ಗುಳಿಗೆ ನೋಡುತ್ತಾಳೆ. ಎರಡನ್ನೂ ಒಟ್ಟಿಗೆ ನೋಡುವ ಕಿಟಕಿ ನಮ್ಮದೊಂದೇ” ಎಂದರು. ಗಡಿಯಾರ ನೋಡಿ, “ನಿಮ್ಮ ದೊಡ್ಡವ್ವ ಪೂಜೆಗೆ ಕುಳಿತುಕೊಳ್ಳುವುದು ಎಷ್ಟು ಹೊತ್ತಿಗೆ?” ಎಂದು ಕೇಳಿದರು.

ಏಳೂವರೆಗೆ ಎಂದೆ. ಊರಿನ ಏಳೂವರೆ ಎಂದರೆ ಥಾಯ್ಲೆಂಡಿನಲ್ಲಿ ಒಂಬತ್ತು ಗಂಟೆ. ಅದಕ್ಕೆ ಮೊದಲೇ ಫೋನ್ ಮಾಡಬೇಕು, ಅಳುವುದು ಆಮೇಲೆ ಎಂದರು.

ಫೋನಿನಲ್ಲಿ ಜಿಡಗಾ ಕಡೆಯ ಹಳ್ಳಿ

ಫೋನ್ ಎತ್ತಿದವರು ದೊಡ್ಡವ್ವನ ಸೊಸೆ. ನಾನು ವೈನಿ ಎಂದು ಕರೆಯುತ್ತೇನೆ.

“ವೈನಿ, ದೊಡ್ಡವ್ವನ ಪೂಜಿ ಆತೇನ್ರಿ?”

“ಈಗ ಕುಂತಾಳ. ಯಾಕ, ನಿಮ್ಮಲ್ಲಿ ದೇವರಿಲ್ಲೇನು, ಇಲ್ಲಿ ಪೂಜಿ ಕೇಳ್ತಿ?”

“ಆಕಿ ದಿನಾ ಯಾವ್ಯಾವ ಗುಳಿಗಿ ತಗೋತಾಳ, ಜರಾ ಹೇಳ್ರಿ.”

“ಕಳಸಾಕಿ ನೀನೇ, ಕೇಳಾಕಿನೂ ನೀನೇ. ಬೀಪಿದೊಂದು, ಎಲಬಿಂದೊಂದು, ಸಕ್ಕರಿದೊಂದು.”

“ಸಕ್ಕರಿದು ಒಂದೇ ಏನ್ರಿ?”

“ಒಂದೇ.”

“ವಿಭೂತಿ ಡಬ್ಬ್ಯಾಗಿಂದು?”

“ಅದು ಪೂಜಿದಲ್ಲ?”

“ಅದೂ ಸಕ್ಕರಿದೇ ಅದರಿ ವೈನಿ.”

ಹಿಂದೆ ಎಲ್ಲೋ ಪಾತ್ರೆಯ ಸದ್ದು ನಿಂತಿತು. ಪೂಜೆ ಮುಗಿದ ಮೇಲೆ ಆಕೆಗೆ ಬೆವರು ಬರುತ್ತದೆಯೇ, ಕೈ ನಡುಗುತ್ತದೆಯೇ ಎಂದು ಕೇಳಿದೆ.

“ಬರ್ತದ. ಒಂದೊಂದ ದಿನ ಮೈಯೆಲ್ಲ ತೊಯ್ದು ಹೋಗ್ತದ, ಕೈ ಗಡಗಡ ನಡಗತಾವ. ಕರದ್ರ ಓ ಅನ್ನಂಗಿಲ್ಲ. ಧ್ಯಾನ ಹತ್ಯದ ಅಂತ ನಾವು ಯಾರೂ ಮಾತಾಡ್ಸಂಗಿಲ್ಲ.”

ಸಕ್ಕರೆ ಇಳಿದು ನಡುಗುತ್ತಿದ್ದ ಮುದುಕಿಯನ್ನು ಮನೆಯವರು ಭಕ್ತಿಯೆಂದು ತಿಳಿದು, ಬಾಗಿಲು ಮುಂದೆ ಮಾಡಿ, ಸದ್ದಿಲ್ಲದೆ ಕಾದಿದ್ದರು. ಬಿದ್ದ ದಿನವೂ ಅವಳು ಪೂಜೆ ಮುಗಿಸಿ ಎದ್ದು ಬಚ್ಚಲಿಗೆ ಹೋಗಿದ್ದಳು ಎಂಬುದು ನನಗೆ ಆಗ ನೆನಪಾಯಿತು.

ಡಬ್ಬಿಯಲ್ಲಿದ್ದುದರ ಫೋಟೋ ಕಳಿಸಿ ಎಂದೆ. ಬಂದಿತು. ಬೆಳ್ಳಿ ಕಾಗದದ ಮೇಲೆ ಹೆಸರಿರಲಿಲ್ಲ. ಕೊನೆಯ ಎರಡು ಅಕ್ಷರಗಳಷ್ಟೇ ಉಳಿದಿದ್ದವು. ಆದರೂ ಗುರುತು ಹಿಡಿದೆ. ನಮ್ಮ ಅಂಗಡಿಯ ಕತ್ತರಿಯ ಬಾಯಿ ಒಂದು ಕಡೆ ಮುಕ್ಕಾಗಿದೆ. ಅದು ಕತ್ತರಿಸಿದ ಅಂಚಿನಲ್ಲಿ ಇಲಿ ಕಡಿದಂತೆ ಒಂದು ಹಲ್ಲು ಮೂಡುತ್ತದೆ. ಆ ಹಲ್ಲು ಫೋಟೋದಲ್ಲಿ ಸ್ಪಷ್ಟವಾಗಿತ್ತು.

ಪಕ್ಕದಲ್ಲಿದ್ದ ಪೀ ನೋಯ್ ಹೇಳಿದಂತೆ ನಾನು ಹೇಳುತ್ತ ಹೋದೆ. ಇವತ್ತು ಡಬ್ಬಿಯ ಗುಳಿಗೆ ಕೊಡುವುದು ಬೇಡ. ಆಶಾ ಕಾರ್ಯಕರ್ತೆಯನ್ನು ಕರೆಸಿ ಸಕ್ಕರೆ ನೋಡಿಸಿ. ಬೆವರು ಬಂದರೆ ಕೂಡಲೆ ಬೆಲ್ಲದ ನೀರು ಕುಡಿಸಿ. ಎರಡೂ ತುಂಡು, ಎರಡೂ ಚೀಟಿ ಹಿಡಿದುಕೊಂಡು ಇವತ್ತೇ ವೈದ್ಯರಲ್ಲಿಗೆ ಹೋಗಿ.

“ಪೂಜಿ ಸಾಮಾನಿಗಿ ನಾ ಹ್ಯಾಂಗ ಕೈ ಹಚ್ಚಲಿ? ಆಕಿ ಕೇಳಿದ್ರ ಏನಂತ ಹೇಳಲಿ?”

“ಗಂಗಾ ಹೇಳ್ಯಾಳ ಅನ್ರಿ” ಎಂದು ನನ್ನ ಹೆಸರನ್ನೇ ಮುಂದಿಟ್ಟೆ.

ಮಧ್ಯಾಹ್ನ ಸಂದೇಶ ಬಂದಿತು. ಆವತ್ತು ಪೂಜೆಯ ಗುಳಿಗೆ ತಿನ್ನದೆಯೂ ಸಕ್ಕರೆ ಇರಬೇಕಾದ್ದಕ್ಕಿಂತ ಬಹಳ ಕೆಳಗಿತ್ತು. ವೈದ್ಯರು ಎರಡೂ ತುಂಡು ನೋಡಿ ಒಂದನ್ನು ನಿಲ್ಲಿಸಿದರು, ಇನ್ನೊಂದನ್ನು ಅರ್ಧ ಮಾಡಿದರು. ಬೆವರು ನಿಂತಿತು. ಎಲುಬು ಮೊದಲೇ ಮುರಿದಾಗಿತ್ತು.

ಅಫಜಲಪುರ

ಮರಳಿ ಬಂದ ಮೇಲೆ ನಾನು ನೇರವಾಗಿ ದೊಡ್ಡವ್ವನ ಬಳಿಗೆ ಹೋಗಬೇಕಾಗಿತ್ತು. ಅಂಗಡಿಗೆ ಹೋದೆ. ಎಂಟು ದಿನ ಕೆಲಸದ ನೆಪ ಹೇಳಿದೆ.

ಆ ಎಂಟು ದಿನಗಳಲ್ಲಿ ಕತ್ತರಿಸಿದ ಪ್ರತಿ ತುಂಡನ್ನೂ ಕಾಗದದ ಪೊಟ್ಟಣದಲ್ಲಿ ಹಾಕಿ, ಹೆಸರು ಬರೆದು ಕೊಟ್ಟೆ. ವಯಸ್ಸಾದವರು ಬಂದರೆ, ಮನೆಯಲ್ಲಿ ದೇವರ ಮುಂದೆ, ತಲೆದಿಂಬಿನ ಕೆಳಗೆ ಬೇರೆ ಗುಳಿಗೆ ಇವೆಯೇ ಎಂದು ಕೇಳಿದೆ. ಒಬ್ಬ ಅಜ್ಜಿ ಮರುದಿನ ಸೆರಗಿನ ಗಂಟು ಬಿಚ್ಚಿ ಹದಿನಾರು ತುಂಡುಗಳನ್ನು ಕೌಂಟರಿನ ಮೇಲೆ ಸುರಿದರು. ಹಿಂದೆ ಸಾಲು ಬೆಳೆಯಿತು.

“ನಾವು ಅಂಗಡಿ ನಡಸಾಕತ್ತೀವೋ, ಪಂಚನಾಮಿ ಮಾಡಾಕತ್ತೀವೋ?” ಎಂದು ಮಾಲೀಕರು ಕೇಳಿದರು.

“ಎರಡೂರಿ” ಎಂದೆ. ಅವರು ಸಾಲಿನಲ್ಲಿದ್ದ ಮುಂದಿನ ಗಿರಾಕಿಯ ಚೀಟಿಗೆ ಕೈ ಚಾಚಿದರು, ಒಪ್ಪಿದರೆಂದು ಹೇಳಲಾರೆ. ಇಷ್ಟು ಸುಲಭವಾದದ್ದನ್ನು ಒಂದು ವರ್ಷ ಮೊದಲೇ ಹೇಳಬಹುದಾಗಿತ್ತು ಎಂಬುದೇ ಆ ಸಂಜೆಯೆಲ್ಲ ಕಾಡಿತು.

ದೊಡ್ಡವ್ವನ ಮನೆ

ಒಂಬತ್ತನೆಯ ದಿನ ಆಳಂದ ಬಸ್ ಹತ್ತಿದೆ. ಕಂಡಕ್ಟರ್ ಅ‍ಭ್ಯಾಸದಂತೆ ಪೊಟ್ಟಣಕ್ಕೆ ಕೈ ಚಾಚಿದರು. ಇವತ್ತು ನಾನೇ ಬರುತ್ತೇನೆ ಎಂದೆ.

ಮೊದಲೆಲ್ಲ ನಾನು ಹೊರಟಾಗ ದೊಡ್ಡವ್ವ ಬೇವಿನ ಗಿಡದ ತನಕ ಬಂದು ನಿಲ್ಲುತ್ತಿದ್ದಳು. ಬಸ್ಸು ತಿರುವು ದಾಟುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಈಗ ಖಾಟಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮುಖದಲ್ಲಿ ಮಾತ್ರ ಬಣ್ಣ ಬಂದಿತ್ತು.

ಬೇರೆ ಮಾತು ತೆಗೆದರೆ ಹೇಳಲಾರೆನೆಂದು ತಿಳಿದು, ಕುಳಿತ ಕೂಡಲೆ ಹೇಳಿದೆ.

“ದೊಡ್ಡವ್ವ, ಎರಡೂ ಒಂದೇ ಗುಳಿಗಿ ಅಂತ ನನಗ ಮೊದಲೇ ಗೊತ್ತಿತ್ತು.”

“ಯಾವಾಗಿಂದ?”

“ಆಳಂದದ ಚೀಟಿ ಬಂದ ದಿನದಿಂದ.”

“ಮತ್ತ ಡಾಕ್ಟರಿಗಿ ಕೇಳಲಿಲ್ಲ?”

“ಇಲ್ಲ.”

“ಯಾಕ?”

“ಅಂಜಿಕಿ ಆತು.”

ವೈನಿ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದರು. ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ.

“ಅಂಜಿಕಿ ಹೋಗ್ಲಿ ಅಂತಲೇ ನಿನಗ ಸಾಲಿ ಕಲಿಸಿದ್ದು ಗಂಗಾ” ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಡಾಕ್ಟರ್ ಬರದದ್ದಂತ ನಾ ತಿಂದಿಲ್ಲ. ಅವರ ಹೆಸರೂ ನನಗ ಗೊತ್ತಿಲ್ಲ. ನೀ ಕಳಿಸಿದ್ದಂತ ತಿಂದೆ.”

ವೈನಿ ಚಹಾ ಇಟ್ಟು ಹೋದರು. ಅದು ಆರಿತು. ಆಮೇಲೆ ದೊಡ್ಡವ್ವನೇ, ಆ ದೇಶದಲ್ಲಿ ಏನು ನೋಡಿದೆ ಎಂದು ಕೇಳಿದಳು. ವಿಭೂತಿ ಹಚ್ಚಿಕೊಂಡು ತೋರಿಸಿದ್ದನ್ನು ಹೇಳಿದೆ, ಸ್ವಲ್ಪ ನಕ್ಕಳು. ಬುದ್ಧನ ಹಲಗೆಯ ಮೇಲೆ ಗುಳಿಗೆ ಇಟ್ಟುಕೊಂಡಿದ್ದ ಯಾಯ್ ಬುನ್ ಅವರ ವಿಷಯ ಹೇಳಿದೆ. ಅದನ್ನು ಮಾತ್ರ ನಗದೆ ಕೇಳಿದಳು.

“ಆ ಮುದುಕಿ ನಡೀತಾಳೇನು?”

“ನಡೀತಾಳ. ನಾವು ಹೊಂಟಾಗ ಗೇಟಿನ ತನಕ ಬಂದು ಕಳಿಸಿದಳು.”

“ಚಲೋ ಆತು” ಎಂದಳು.

ಸಂಜೆಯ ಬಸ್ಸಿಗೆ ಹೊತ್ತಾಯಿತು. ನಾನು ಎದ್ದು ಅವಳ ಕಾಲು ಮುಟ್ಟಿದೆ. ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ಅವಳು ವೈನಿಯನ್ನು ಕರೆದಳು.

“ಈ ಖಾಟ ಜರಾ ಬಾಗಲ ಕಡಿ ತಿರುವ್ರಿಬೇ. ಆಕಿ ಹೊಂಟಾಳ.”

ನಾವಿಬ್ಬರೂ ಸೇರಿ ಖಾಟನ್ನು ತಿರುಗಿಸಿದೆವು.